ಸಿಗರೇಟು ಬಿಟ್ಟ ಮೇಲೆ ಬೇಕರಿ ಮುಂದೆ ಏನು ಮಾಡೋದು?

ಸಿಗರೇಟು ಬಿಡೋಣ ಅಂತ ಮನಸ್ಸು ಮಾಡಿದವರನ್ನು ಹಿಂದಕ್ಕೆಳೆಯುವ ಮಾತು ಒಂದಿದೆ: "ಬಿಟ್ಟರೆ ದಪ್ಪ ಆಗ್ತೀಯ." ಇದು ಸುಳ್ಳಲ್ಲ. ಔಷಧಿಯ ನೆರವಿಲ್ಲದೆ ಬಿಟ್ಟವರ ತೂಕ ಸರಾಸರಿ ಲೆಕ್ಕದಲ್ಲಿ ಮೊದಲ ತಿಂಗಳು 1 ಕೆಜಿ, ಮೂರು ತಿಂಗಳಿಗೆ ಸುಮಾರು 3 ಕೆಜಿ, ವರ್ಷ ತುಂಬುವ ಹೊತ್ತಿಗೆ 4ರಿಂದ 5 ಕೆಜಿ ಏರುತ್ತದೆ. ಆದರೆ ಸರಾಸರಿ ಎಲ್ಲರ ಕಥೆ ಅಲ್ಲ. ನೂರರಲ್ಲಿ ಸುಮಾರು 16 ಜನರ ತೂಕ ಇಳಿಯುತ್ತದೆ, 13 ಜನರದು 10 ಕೆಜಿಗೂ ಮೀರಿ ಏರುತ್ತದೆ. ಏರಿಕೆಯ ಬಹುಪಾಲು ಮೊದಲ ಮೂರು ತಿಂಗಳಲ್ಲೇ ಆಗುವುದರಿಂದ ತಯಾರಿಯೆಲ್ಲ ಆ ಅವಧಿಗೇ ಬೇಕು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಆ ಮೂರು ತಿಂಗಳು ತೂಕ ಇಳಿಸೋಕೆ ಹೋಗಬೇಡಿ. ಏರದಂತೆ ಹಿಡಿದಿಟ್ಟರೆ ಸಾಕು, 2 ಕೆಜಿ ಏರಿದರೂ ಪರವಾಗಿಲ್ಲ. ಸಿಗರೇಟು ಬಿಟ್ಟ ದಿನವೇ ಅನ್ನ ಬಿಟ್ಟು, ರಾತ್ರಿ ಊಟ ಬಿಟ್ಟು ಕಟ್ಟುನಿಟ್ಟಿನ ಡಯಟ್ ಶುರು ಮಾಡಿದವರು ಎರಡನ್ನೂ ಕಳೆದುಕೊಳ್ಳುವುದೇ ಹೆಚ್ಚು. ಹೊಟ್ಟೆ ಹಸಿದಾಗ ನಿಕೋಟಿನ್ ತುಡಿತ ಇನ್ನೂ ಜೋರಾಗುತ್ತದೆ. ಹಸಿವು ಯಾವುದು, ತುಡಿತ ಯಾವುದು ಅಂತ ಬೇರೆ ಮಾಡೋದೂ ಕಷ್ಟವಾಗುತ್ತದೆ.

ತೂಕ ಯಾಕೆ ಏರುತ್ತದೆ? ನಿಕೋಟಿನ್ ಎರಡು ಕೆಲಸ ಮಾಡುತ್ತಿತ್ತು. ಮಿದುಳಿನ ಹೈಪೋಥಲಮಸ್‌ನಲ್ಲಿ ಹಸಿವನ್ನು ಅದುಮಿ ಇಡುತ್ತಿತ್ತು. ಜೊತೆಗೆ ಸುಮ್ಮನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯನ್ನು ಹೆಚ್ಚಿಸುತ್ತಿತ್ತು. ದಿನಕ್ಕೊಂದು ಪ್ಯಾಕ್ ಸೇದುವವರಲ್ಲಿ ಇದು ಸುಮಾರು 200 ಕ್ಯಾಲೊರಿ. ಬಿಟ್ಟಾಗ ಆ 200 ಕ್ಯಾಲೊರಿ ಖರ್ಚಾಗದೆ ಉಳಿಯುತ್ತದೆ, ಮೇಲಿಂದ ಹಸಿವೂ ಕೆರಳುತ್ತದೆ. ಸಿಡುಕು, ಚಡಪಡಿಕೆ ಎರಡನೇ ಮೂರನೇ ದಿನ ತುತ್ತತುದಿಗೆ ಹೋಗಿ ಮೂರು ನಾಲ್ಕು ವಾರಕ್ಕೆ ಇಳಿಯುತ್ತವೆ. ಹಸಿವು ಮಾತ್ರ ಎರಡು ಮೂರು ತಿಂಗಳು ಎಳೆಯುತ್ತದೆ. "ಸಿಗರೇಟಿನ ಆಸೆ ಹೋಯ್ತು, ಆದರೆ ತಿನ್ನೋ ಆಸೆ ಹೋಗ್ತಿಲ್ಲ" ಅಂತ ಐದನೇ ವಾರದಲ್ಲಿ ಅನಿಸಿದರೆ ಗಾಬರಿ ಬೇಡ. ಬಹಳ ಜನರದೂ ಹಾಗೇ.

ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಬೆಂಗಳೂರಿನಂಥ ಕಡೆ ಸಿಗರೇಟು ಸೇದುವ ಜಾಗ ಯಾವುದು? ಬೇಕರಿ. ಆಫೀಸಿನಿಂದ ಇಳಿದು ಬಂದರೆ ಎದುರಿಗೇ ಕೌಂಟರ್. ಒಂದು ಕಡೆ ಟೀ ಫ್ಲಾಸ್ಕ್, ಪಕ್ಕದಲ್ಲಿ ಸಿಗರೇಟು, ದಾರಕ್ಕೆ ಕಟ್ಟಿದ ಲೈಟರ್. ಗಾಜಿನ ಹಿಂದೆ ಎಗ್ ಪಫ್, ದಿಲ್‌ಪಸಂದ್, ಖಾರಾ ಬನ್, ಬೆಣ್ಣೆ ಬಿಸ್ಕತ್ತು. ಸಿಗರೇಟು ಬಿಟ್ಟವರು ಗೆಳೆಯರ ಜೊತೆ ಅಲ್ಲಿಗೇ ಹೋಗುತ್ತಾರೆ, ಕೈ ಖಾಲಿ ಇರುತ್ತದೆ, ಒಂದು ಪಫ್ ಕೈಗೆ ಬರುತ್ತದೆ. ಒಂದು ಪಫ್ ಅಂದರೆ ಸುಮಾರು 250 ಕ್ಯಾಲೊರಿ. ದಿನಕ್ಕೊಂದು ಹೆಚ್ಚಿಗೆ ತಿಂದರೆ ತಿಂಗಳಿಗೆ 7,500, ಅಂದರೆ ಹತ್ತಿರ ಹತ್ತಿರ ಒಂದು ಕೆಜಿ ಕೊಬ್ಬು. ಮೊದಲ ತಿಂಗಳ ಸರಾಸರಿ ಏರಿಕೆಯಷ್ಟೇ! ನಿಕೋಟಿನ್ ಹೋದದ್ದರ ಜೊತೆಗೆ ಈ ಕೌಂಟರಿನ ಲೆಕ್ಕವನ್ನೂ ಇಡಲೇಬೇಕು.

ಮೊದಲ ಮೂರು ವಾರ ಬೇಕರಿ ಮುಂದೆ ನಿಲ್ಲಲೇಬೇಡಿ. ಬ್ರೇಕ್ ಬಿಡಬೇಡಿ, ಜಾಗ ಬದಲಿಸಿ. ಅದೇ ಹೊತ್ತಿಗೆ ಎದ್ದು ಹತ್ತು ನಿಮಿಷ ಬಿರುಸಾಗಿ ನಡೆದು ಬನ್ನಿ. ಒಂದೊಂದು ತುಡಿತ ಮೂರರಿಂದ ಐದು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ, ನಡಿಗೆ ಅದನ್ನು ದಾಟಿಸುತ್ತದೆ. ದಿನಕ್ಕೆ ಇಂಥ ಮೂರು ನಡಿಗೆ ಆದರೆ 100ರಿಂದ 150 ಕ್ಯಾಲೊರಿಯೂ ಹೋಯಿತು.

ಕೈಗೆ, ಬಾಯಿಗೆ ಏನಾದರೂ ಬೇಕೇ ಬೇಕು. ಜೇಬಲ್ಲಿ ಹುರಿಗಡಲೆ ಇಟ್ಟುಕೊಳ್ಳಿ, ಆದರೆ ಅಳೆದು. 30 ಗ್ರಾಂ ಅಂದರೆ ಸಣ್ಣ ಮುಷ್ಟಿಯಷ್ಟು, ಸುಮಾರು 110 ಕ್ಯಾಲೊರಿ, ಅದರಲ್ಲಿ ಪ್ರೋಟೀನ್, ನಾರು ಎರಡೂ ಇವೆ. ಕಡಲೆಬೀಜ ಅಷ್ಟೇ ತೂಕಕ್ಕೆ 170 ಕ್ಯಾಲೊರಿ, ಪೊಟ್ಟಣ ಮುಗಿಯುವವರೆಗೆ ಕೈ ನಿಲ್ಲುವುದೂ ಇಲ್ಲ. ಸೌತೆಕಾಯಿ, ಮೂಲಂಗಿ, ಕ್ಯಾರೆಟ್ಟನ್ನು ಬೆರಳುದ್ದ ಕತ್ತರಿಸಿ ಡಬ್ಬಿಗೆ ಹಾಕಿಕೊಂಡರೆ ಎಷ್ಟು ತಿಂದರೂ ಚಿಂತೆಯಿಲ್ಲ, ಬೆರಳುಗಳಿಗೂ ಹಿಡಿಯಲು ಒಂದು ವಸ್ತು ಸಿಗುತ್ತದೆ. ಸಂಜೆ ನಾಲ್ಕಕ್ಕೆ ನೀರು ಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಒಳ್ಳೆಯದು. ನಾರು ಇನ್ನೊಂದು ಕಾರಣಕ್ಕೂ ಬೇಕು: ಸಿಗರೇಟು ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ಬಹಳ ಜನರಿಗೆ ಆಗುತ್ತದೆ. ಬೆಳಿಗ್ಗೆ ಒಂದು ದಮ್ ಎಳೆಯದೆ ಹೊಟ್ಟೆ ಸಾಫ್ ಆಗಲ್ಲ ಅನ್ನುವವರಿಗೆ ಇದು ಗೊತ್ತೇ ಇದೆ. ಸೊಪ್ಪು, ಪರಂಗಿ ಹಣ್ಣು, ಎರಡೂವರೆ ಲೀಟರ್ ನೀರು ಸಹಾಯ ಮಾಡುತ್ತವೆ.

ಊಟದ ನಂತರದ ಸಿಗರೇಟಿನ ಬಗ್ಗೆ ಯಾರೂ ಸರಿಯಾಗಿ ಎಚ್ಚರಿಸುವುದಿಲ್ಲ. "ಊಟ ಮುಗೀತು" ಅನ್ನುವ ಗುರುತೇ ಅದಾಗಿತ್ತು. ಆ ಗುರುತು ಹೋದಾಗ ಇನ್ನೊಂದು ಸೌಟು ಅನ್ನ, ಇನ್ನೊಂದು ಚಪಾತಿ, ಕೊನೆಗೆ ಸಿಹಿ ತಟ್ಟೆಗೆ ಬರುತ್ತವೆ. ಹೊಸ ಗುರುತು ಕೊಡಿ. ಮಜ್ಜಿಗೆ ಅನ್ನ ಮುಗಿದ ತಕ್ಷಣ ಎದ್ದು ತಟ್ಟೆ ತೊಳೆದು, ಹಲ್ಲುಜ್ಜಿ, ಒಂದು ಲವಂಗ ಅಥವಾ ಸಕ್ಕರೆ ಇಲ್ಲದ ಸೋಂಪು ಬಾಯಿಗೆ ಹಾಕಿಕೊಳ್ಳಿ. ಅಡಿಕೆ, ಗುಟ್ಕಾ, ಪಾನ್ ಮಸಾಲ ಬೇಡವೇ ಬೇಡ. ಅವು ಬಾಯಿ ಕ್ಯಾನ್ಸರಿನ ದಾರಿ.

ಇನ್ನು ನಿಕೋಟಿನ್ ಗಮ್. ಹಸಿವನ್ನು ಸ್ವಲ್ಪ ತಡೆದು, ತೂಕ ಏರುವುದನ್ನು ಇದು ಮುಂದಕ್ಕೆ ಹಾಕುತ್ತದೆ. ಗಮ್ ನಿಲ್ಲಿಸಿದ ಮೇಲೆ ಏರಿಕೆಯ ಒಂದು ಪಾಲು ಬಂದೇ ಬರುತ್ತದೆ, ಆದರೆ ಅಷ್ಟರಲ್ಲಿ ಹೊಸ ರೂಢಿಗಳು ಕೂತಿರುತ್ತವೆ. 2 ಮಿಗ್ರಾಂ ಗಮ್ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಗ್ರಾಂ ಬೇಕಾಗಬಹುದು, ವೈದ್ಯರನ್ನು ಕೇಳಿ. ಗಮ್ ಕೆಲಸ ಮಾಡಲಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಅದನ್ನು ಬಬಲ್‌ಗಮ್ ಥರ ಜಗಿದಿರುತ್ತಾರೆ. ಹಾಗೆ ಜಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಇಳಿದು ಬಿಕ್ಕಳಿಕೆ, ಎದೆಯುರಿ ತರುತ್ತದೆ, ಹೆಚ್ಚಿನದು ವ್ಯರ್ಥ. ನಿಧಾನಕ್ಕೆ ಜಗಿಯಿರಿ. ನಾಲಿಗೆಗೆ ಖಾರ, ಚುರುಚುರು ಅನಿಸಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಿ. ಚುರುಚುರು ಹೋದ ಮೇಲೆ ಮತ್ತೆ ಎರಡು ಸಲ ಜಗಿದು, ಈ ಸಲ ಇನ್ನೊಂದು ಕಡೆ ಇಡಿ. ಹೀಗೆ ಅರ್ಧ ಗಂಟೆ. ಗಮ್‌ಗೆ ಮೊದಲು 15 ನಿಮಿಷ ಮತ್ತು ಬಾಯಲ್ಲಿರುವಷ್ಟು ಹೊತ್ತು ಕಾಫಿ, ಜ್ಯೂಸ್, ಸೋಡಾ ಬೇಡ. ಬಾಯಿಯ ಆಮ್ಲೀಯತೆ ಏರಿದರೆ ನಿಕೋಟಿನ್ ಒಳಗೆ ಹೋಗುವುದಿಲ್ಲ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಆಮೇಲಿನ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಬ್ಯುಪ್ರೊಪಿಯಾನ್, ವಾರೆನಿಕ್ಲಿನ್ ಮಾತ್ರೆಗಳೂ ಇವೆ, ಅವು ವೈದ್ಯರ ಚೀಟಿಯ ಮೇಲೆ ಮಾತ್ರ. ಫಿಟ್ಸ್ ಇರುವವರಿಗೆ ಬ್ಯುಪ್ರೊಪಿಯಾನ್ ಸಲ್ಲದು.

ಕಾಫಿ ಪ್ರಿಯರಿಗೆ ಒಂದು ಮುಖ್ಯ ವಿಷಯ. ಸಿಗರೇಟಿನ ಹೊಗೆ, ಕೆಫೀನ್ ಕರಗಿಸುವ ಯಕೃತ್ತಿನ ಕಿಣ್ವವನ್ನು ಚುರುಕಾಗಿಸಿರುತ್ತದೆ. ಬಿಟ್ಟ ಕೆಲವೇ ದಿನಗಳಲ್ಲಿ ಆ ಚುರುಕು ಇಳಿದು, ಅದೇ ನಾಲ್ಕು ಲೋಟ ಫಿಲ್ಟರ್ ಕಾಫಿಯ ಕೆಫೀನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಇದನ್ನೇ ಸಿಗರೇಟಿನ ಕೊರತೆ ಅಂದುಕೊಂಡು ಮತ್ತೆ ಹಚ್ಚುವವರಿದ್ದಾರೆ. ನಿದ್ದೆ ಕೆಟ್ಟರೆ ಮಾರನೇ ದಿನ ಹಸಿವು ಇನ್ನೂ ಹೆಚ್ಚು. ಕಾಫಿಯನ್ನು ಅರ್ಧಕ್ಕೆ ಇಳಿಸಿ, ನಾಲ್ಕಿದ್ದರೆ ಎರಡು, ಮಧ್ಯಾಹ್ನ ಮೂರರ ಮೇಲೆ ಬೇಡ. ಸಕ್ಕರೆಯೂ ಚಮಚಕ್ಕೆ 20 ಕ್ಯಾಲೊರಿಯಂತೆ ಉಳಿಯುತ್ತದೆ. ಇದೇ ಕಾರಣಕ್ಕೆ ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಓಲಂಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮುಂಚೆಯೇ ವೈದ್ಯರಿಗೆ ತಿಳಿಸಬೇಕು, ಡೋಸ್ ಇಳಿಸಬೇಕಾಗಬಹುದು. ಸಕ್ಕರೆ ಕಾಯಿಲೆ ಇರುವವರು ಮೊದಲ ವಾರಗಳಲ್ಲಿ ಶುಗರ್ ಹೆಚ್ಚು ಸಲ ನೋಡಿಕೊಳ್ಳಿ.

ತೂಕವನ್ನು ದಿನಾ ನೋಡಬೇಡಿ. ಭಾನುವಾರ ಬೆಳಿಗ್ಗೆ, ಶೌಚ ಮುಗಿಸಿ, ಕಾಫಿಗೆ ಮುಂಚೆ, ಅದೇ ಯಂತ್ರದ ಮೇಲೆ ನಿಲ್ಲಿ. ಹೊಕ್ಕುಳಿನ ಮಟ್ಟದಲ್ಲಿ ಸೊಂಟಕ್ಕೆ ಟೇಪೂ ಹಿಡಿಯಿರಿ. ನಮ್ಮವರಿಗೆ ಗಂಡಸರಲ್ಲಿ 90 ಸೆಂಮೀ, ಹೆಂಗಸರಲ್ಲಿ 80 ಸೆಂಮೀ ದಾಟಿದರೆ ಎಚ್ಚರ. ಸಿಗರೇಟು ಸೇದುವವರು ಸಣ್ಣಗೆ ಕಂಡರೂ ಕೊಬ್ಬು ಹೊಟ್ಟೆಯಲ್ಲೇ ಸೇರುವುದು ಹೆಚ್ಚು ಅನ್ನುವುದನ್ನೂ ನೆನಪಿಡಿ. 4–5 ಕೆಜಿ ಏರಿದರೂ ಹೃದಯಕ್ಕೆ ಸಿಗರೇಟು ಬಿಟ್ಟದ್ದೇ ಲಾಭ. ತೂಕಕ್ಕೆ ಹೆದರಿ ಮತ್ತೆ ಹಚ್ಚುವುದು ಯಾವ ಲೆಕ್ಕಕ್ಕೂ ಸರಿಹೋಗುವುದಿಲ್ಲ. ಹನ್ನೆರಡು ವಾರ ದಾಟಿದ ಮೇಲೆ ಇಳಿಸುವ ಕೆಲಸ ಶುರು ಮಾಡಿ: ದಿನಕ್ಕೆ 300 ಕ್ಯಾಲೊರಿ ಕಡಿಮೆ, 40 ನಿಮಿಷ ನಡಿಗೆ, ವಾರಕ್ಕೆರಡು ದಿನ ಬಸ್ಕಿ, ದಂಡ.

ಮದುವೆ ಮನೆಯಲ್ಲೋ, ಗುಂಡಿನ ಪಾರ್ಟಿಯಲ್ಲೋ ಒಂದು ಸಿಗರೇಟು ಸೇದಿಬಿಟ್ಟರೆ ಪ್ಯಾಕು ಖರೀದಿಸಬೇಡಿ, ಉಳಿದದ್ದನ್ನು ನೀರಿಗೆ ಹಾಕಿ, ಅದೇ ರಾತ್ರಿ ಗಮ್‌ಗೆ ವಾಪಸಾಗಿ. ಮರುದಿನ 1800-11-2356ಕ್ಕೆ ಕರೆ ಮಾಡಿ. ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ ಉಚಿತ ನಂಬರ್ ಅದು, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ. ತೂಕದ ಭಯ ಇದೆ ಅಂತ ಅವರಿಗೆ ಬಿಚ್ಚಿ ಹೇಳಿ.