ಎಣಿಕೆ ತಟ್ಟೆಯಲ್ಲಿ ಸೊನ್ನೆ ಬಂದರೆ

ಟೊಮೆಟೊ ಗಿಡ ಕಿತ್ತರೆ ಬೇರಿನ ತುಂಬ ಗಂಟು. ಅದೇ ಬುಡದ ಮಣ್ಣನ್ನು ಲ್ಯಾಬಿಗೆ ತಂದು, ತೊಳೆದು, ಸೋಸಿ ನೋಡಿದರೆ ಎಣಿಕೆ ತಟ್ಟೆಯಲ್ಲಿ ಒಂದು ಹುಳುವೂ ಇಲ್ಲ. ನೆಮಟಾಲಜಿಯಲ್ಲಿ, ಅಂದರೆ ಬೇರಿಗೆ ಹತ್ತುವಂಥ ಸಣ್ಣ ಜಂತುಹುಳುಗಳ (ನೆಮಟೋಡ್) ಅಧ್ಯಯನದಲ್ಲಿ, ಪಿಜಿಗೆ ಸೇರಿದವರಿಗೆ ಈ ಸೊನ್ನೆ ಬೇಗನೇ ಎದುರಾಗುತ್ತದೆ. ಹೊಲದಲ್ಲಿ ಜಂತುಹುಳು ಇಲ್ಲ ಎಂದು ರಿಜಿಸ್ಟರಿನಲ್ಲಿ ಬರೆದುಬಿಡಬೇಡಿ. ಎಷ್ಟೋ ಸಲ ಹುಳು ಹೊಲದಲ್ಲಿತ್ತು, ಹೊಲದಿಂದ ಮೈಕ್ರೋಸ್ಕೋಪಿಗೆ ಬರುವಷ್ಟರಲ್ಲಿ ನಮ್ಮ ಕೈಯಲ್ಲೇ ಕಳೆದುಹೋಯಿತು. ಎಲ್ಲೆಲ್ಲಿ ಕಳೆಯುತ್ತದೆ ಎಂದು ಗೊತ್ತಿಲ್ಲದೆ ಥೀಸಿಸ್ ಕೆಲಸಕ್ಕೆ ಇಳಿಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ದೇಶದಲ್ಲಿ ಈ ಶಾಖೆ ಬೆಳೆದದ್ದು ತಡವಾಗಿ. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ (ಐಎಆರ್‌ಐ) ನೆಮಟಾಲಜಿಗೆ ಪ್ರತ್ಯೇಕ ವಿಭಾಗ ಬಂದದ್ದು 1966ರಲ್ಲಿ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಪ್ರತ್ಯೇಕ ವಿಭಾಗ ಇದೆ. ಬೇರೆ ಹಲವು ಕಡೆ ಕೀಟಶಾಸ್ತ್ರ ಇಲ್ಲವೇ ಸಸ್ಯರೋಗಶಾಸ್ತ್ರದ ಜೊತೆಯಲ್ಲೇ ಓದಬೇಕು. ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಪಠ್ಯಕ್ರಮದಲ್ಲಿ ಎಂ.ಎಸ್ಸಿ.ಯ 70 ಕ್ರೆಡಿಟ್‌ಗಳಲ್ಲಿ 30 ಥೀಸಿಸ್‌ಗೇ ಹೋಗುತ್ತವೆ. ಕರ್ನಾಟಕದಲ್ಲಿ ವಿಷಯಕ್ಕೇನೂ ಬರವಿಲ್ಲ: ಕೋಲಾರದ ಟೊಮೆಟೊ, ಪಾಲಿಹೌಸಿನ ದೊಣ್ಣೆ ಮೆಣಸಿನಕಾಯಿ, ಬಯಲುಸೀಮೆಯ ದಾಳಿಂಬೆಯಲ್ಲಿ ಬೇರುಗಂಟು, ಮಲೆನಾಡಿನ ಕಾಳುಮೆಣಸಿನ ಬಳ್ಳಿಯಲ್ಲಿ ಬೇರು ಕೊರೆಯುವ ರಾಡೊಫೋಲಸ್ ಹುಳು, ಅರೇಬಿಕಾ ಕಾಫಿಯ ಬೇರಿನಲ್ಲಿ ಪ್ರಾಟಿಲೆಂಕಸ್ ಹುಳು.

ಹುಳು ಕಳೆಯುವ ಮೊದಲ ಜಾಗ ಮಣ್ಣಿನ ಚೀಲ. ಮೇಲಿನ ಎರಡು ಮೂರು ಸೆಂ.ಮೀ. ಒಣಮಣ್ಣನ್ನು ಕೆರೆದು ಬದಿಗೆ ತಳ್ಳಿ, 15ರಿಂದ 20 ಸೆಂ.ಮೀ. ಆಳದವರೆಗೆ, ಬೇರು ಇರುವ ಕಡೆಯೇ ಮಣ್ಣು ತೆಗೆಯಿರಿ. ಜಂತುಹುಳು ಹೊಲದಲ್ಲಿ ಒಂದೇ ಸಮನಾಗಿ ಹರಡಿರುವುದಿಲ್ಲ, ತೇಪೆ ತೇಪೆಯಾಗಿ ಇರುತ್ತದೆ. ಅದಕ್ಕೇ ಅಂಕುಡೊಂಕಾಗಿ ನಡೆದು ಹತ್ತಿಪ್ಪತ್ತು ಕಡೆಯ ಮಣ್ಣು ಕೂಡಿಸಿ, ಮೆಲ್ಲಗೆ ಬೆರೆಸಿ, ಅರ್ಧ ಕಿಲೋದಷ್ಟನ್ನು ಒಂದಿಷ್ಟು ಎಳೆಬೇರಿನ ಜೊತೆ ಪಾಲಿಥಿನ್ ಚೀಲಕ್ಕೆ ಹಾಕಬೇಕು. ಪೂರ್ತಿ ಸತ್ತ ಗಿಡದ ಬುಡಕ್ಕಿಂತ ಸೊರಗುತ್ತಿರುವ ಗಿಡದ ಬುಡ ಮೇಲು. ಬೇರು ಕೊಳೆತ ಕಡೆ ಹುಳುವಿಗೆ ಊಟವಿಲ್ಲ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಒಳಗೊಂದು ಹೊರಗೊಂದು. ಚೀಲವನ್ನು ಬಿಸಿಲಿಗೆ ನಿಂತ ಜೀಪಿನಲ್ಲಿ ಬಿಟ್ಟು ಊಟಕ್ಕೆ ಹೋದರೆ ಆ ಸ್ಯಾಂಪಲ್ ಅಲ್ಲಿಗೇ ಮುಗಿಯಿತು. 40 ಡಿಗ್ರಿ ದಾಟಿದ ಮಣ್ಣಿನಿಂದ ಜೀವಂತ ಹುಳು ತೆಗೆಯುವ ಆಸೆ ಬೇಡ. ಹಾಗೆಂದು ಫ್ರೀಜರಿಗೂ ಹಾಕಬಾರದು. ನಮ್ಮ ಬಿಸಿನಾಡಿನ ಬೇರುಗಂಟು ಹುಳುವಿಗೆ ತೀರಾ ತಣ್ಣನೆಯ ಜಾಗ ಒಗ್ಗುವುದಿಲ್ಲ. 10 ಡಿಗ್ರಿ ಆಸುಪಾಸಿನಲ್ಲಿಟ್ಟು ಆದಷ್ಟು ಬೇಗ ತೊಳೆಯುವುದೇ ಸರಿ.

ಇನ್ನು ತೊಳೆಯುವ ಕೆಲಸ. ಎಲ್ಲ ಲ್ಯಾಬುಗಳಲ್ಲೂ ಇರುವುದು ಕಾಬ್ ಎಂಬ ವಿಜ್ಞಾನಿಯ ಜರಡಿ ವಿಧಾನ. ನೋಡಲು ಸುಲಭ, ಹುಳು ಹೆಚ್ಚು ಕಳೆಯುವುದೂ ಇಲ್ಲೇ. 200 ಸಿ.ಸಿ. ಮಣ್ಣನ್ನು ಒಂದು ಬೇಸಿನ್‌ಗೆ ಹಾಕಿ ಒಂದೆರಡು ಲೀಟರ್ ನೀರು ಬಿಟ್ಟು, ಹೆಂಟೆಗಳನ್ನು ಬೆರಳಲ್ಲೇ ಒಡೆದು ಕಲಕಿ. ಹತ್ತಿಪ್ಪತ್ತು ಸೆಕೆಂಡ್ ಬಿಟ್ಟರೆ ಮರಳು ತಳಕ್ಕೆ ಇಳಿಯುತ್ತದೆ, ಹುಳು ಇನ್ನೂ ತೇಲುತ್ತಿರುತ್ತದೆ. ಆಗ ಮೇಲಿನ ನೀರನ್ನು 20 ಮೆಶ್ (ಅಂಗುಲಕ್ಕೆ 20 ಕಣ್ಣು) ಜರಡಿಯ ಮೂಲಕ ಇನ್ನೊಂದು ಪಾತ್ರೆಗೆ ಬಸಿಯಬೇಕು. ಕಸಕಡ್ಡಿ ಅದರಲ್ಲೇ ಉಳಿಯುತ್ತದೆ. ತಳದ ಮಣ್ಣಿಗೆ ಮತ್ತೆ ನೀರು ಹಾಕಿ ಇನ್ನೂ ಎರಡು ಸಲ ಹೀಗೇ ಮಾಡಿ. ಒಂದೇ ಸಲಕ್ಕೆ ಮುಗಿಸುವವರು ಹುಳುವಿನ ದೊಡ್ಡ ಪಾಲನ್ನು ಸಿಂಕಿಗೆ ಚೆಲ್ಲುತ್ತಾರೆ. ನಂತರ 60, 200, ಕೊನೆಗೆ 400 ಮೆಶ್. 60ರಲ್ಲಿ ಸಿಸ್ಟ್‌ಗಳು (ಮೊಟ್ಟೆ ತುಂಬಿ ಗಟ್ಟಿಯಾದ ಸತ್ತ ಹೆಣ್ಣಿನ ಮೈ), 200ರಲ್ಲಿ ದೊಡ್ಡ ಹುಳುಗಳು, 400ರಲ್ಲಿ ಬೇರುಗಂಟಿನ ಎರಡನೇ ಹಂತದ ಮರಿಗಳು ನಿಲ್ಲುತ್ತವೆ. ಲ್ಯಾಬಿನಲ್ಲಿ ಎಲ್ಲರೂ ಜೆ2 ಎಂದು ಕರೆಯುವುದು ಈ ಮರಿಗಳನ್ನೇ.

ಇಲ್ಲಿ ಒಂದು ಲೆಕ್ಕ ಅರ್ಥಮಾಡಿಕೊಳ್ಳಲೇಬೇಕು. 400 ಮೆಶ್‌ನ ಕಣ್ಣು 38 ಮೈಕ್ರಾನ್. ಜೆ2 ಉದ್ದ ಸುಮಾರು 400 ಮೈಕ್ರಾನ್, ದಪ್ಪ ಬರೀ 15. ಅಡ್ಡ ಬಿದ್ದರೆ ನಿಲ್ಲುತ್ತದೆ, ನೆಟ್ಟಗೆ ಬಿದ್ದರೆ ತೂರಿಹೋಗುತ್ತದೆ. 325 ಮೆಶ್‌ನ ಕಣ್ಣು 45 ಮೈಕ್ರಾನ್, ಅಲ್ಲಿ ನಷ್ಟ ಇನ್ನೂ ಹೆಚ್ಚು. ಅದಕ್ಕೆ ಜರಡಿಯನ್ನು ಓರೆಯಾಗಿ ಹಿಡಿದು ನೀರನ್ನು ನಿಧಾನವಾಗಿ ಬಿಡಬೇಕು, ಕೆಳಗೆ ಬಂದ ನೀರನ್ನು ಇನ್ನೊಮ್ಮೆ ಅದೇ ಜರಡಿಗೆ ಹಾಯಿಸಬೇಕು. ನಲ್ಲಿಯನ್ನು ಜೋರಾಗಿ ಬಿಟ್ಟರೆ ನೀವೇ ಹುಳುವನ್ನು ಕಣ್ಣಿನೊಳಗೆ ತಳ್ಳಿದಂತೆ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ತೊಂದರೆ ಬೇರೆ: ಜೇಡಿ ಕಟ್ಟಿಕೊಂಡು ನೀರು ಇಳಿಯುವುದೇ ಇಲ್ಲ, ಅಂಚಿನಿಂದ ತುಳುಕಿ ಹುಳು ಹೋಗುತ್ತದೆ. ಮಣ್ಣನ್ನು ಮೊದಲೇ ನೆನೆಹಾಕಿ, ಸ್ವಲ್ಪ ಸ್ವಲ್ಪವೇ ಸುರಿದು, ಜರಡಿಯ ತಳವನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಿರಿ. ಒಂದು ಸ್ಯಾಂಪಲ್ ಮುಗಿದ ಮೇಲೆ ಜರಡಿಯನ್ನು ಎರಡೂ ಕಡೆಯಿಂದ ಚೆನ್ನಾಗಿ ತೊಳೆಯದಿದ್ದರೆ ಅದರ ಹುಳು ಮುಂದಿನದರ ಲೆಕ್ಕಕ್ಕೆ ಸೇರುತ್ತದೆ. ಸೊನ್ನೆಗಿಂತ ಇದು ಕೆಟ್ಟದ್ದು, ಏಕೆಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಜರಡಿಯಲ್ಲಿ ಉಳಿದದ್ದನ್ನು ಟಿಶ್ಯೂ ಪೇಪರ್ ಹಾಸಿದ ತಂತಿಬಲೆಯ ಮೇಲೆ ಹರಡಿ, ಪೆಟ್ರಿ ತಟ್ಟೆಯ ನೀರು ಅದರ ತಳಕ್ಕೆ ತಾಗುವಂತೆ ಇಟ್ಟರೆ 24ರಿಂದ 48 ಗಂಟೆಯಲ್ಲಿ ಹುಳುಗಳು ತಾವಾಗಿ ಕೆಳಗಿಳಿಯುತ್ತವೆ. ತೆಳುವಾಗಿ ಹರಡಬೇಕು. ತಳದಲ್ಲಿ ಗಾಳಿಗುಳ್ಳೆ ಇರಬಾರದು. ಬೇಸಿಗೆಯಲ್ಲಿ ರಾತ್ರಿ ಕಳೆಯುವುದರೊಳಗೆ ನೀರು ಆರಿ ಹುಳು ಟಿಶ್ಯೂ ಮೇಲೇ ನಿಂತುಬಿಡುತ್ತದೆ, ಆದ್ದರಿಂದ ಸಂಜೆ ಹೋಗುವ ಮುನ್ನ ಒಮ್ಮೆ ನೋಡಿಯೇ ಹೊರಡಿ. ಉದ್ದ ಕೊಳವೆಯ ಆಲಿಕೆಗಿಂತ ಅಗಲ ತಟ್ಟೆಯೇ ನನಗೆ ಹಿಡಿಸುತ್ತದೆ. ಆಲಿಕೆಯ ತಳದಲ್ಲಿ ಆಮ್ಲಜನಕ ಸಾಲದೆ ಹುಳು ಸೋಲುತ್ತದೆ.

ಈ ವಿಧಾನದಲ್ಲಿ ಸಿಗುವುದು ಚುರುಕಾಗಿ ಓಡಾಡುವ ಹುಳು ಮಾತ್ರ. ಸತ್ತದ್ದು, ಮೊಟ್ಟೆ, ಸಿಸ್ಟ್, ಬೇರೊಳಗೆ ಉಬ್ಬಿ ಕೂತ ಹೆಣ್ಣು ಯಾವುದೂ ಬರುವುದಿಲ್ಲ. ತೆವಳಲು ಸೋಮಾರಿಯಾದ ಉಂಗುರ ನೆಮಟೋಡ್‌ಗಳೂ ಅಷ್ಟೇ. ಅವು ಬೇಕಿದ್ದರೆ ಸಕ್ಕರೆ ಪಾಕದಲ್ಲಿ ತೇಲಿಸಬೇಕು. 484 ಗ್ರಾಂ ಸಕ್ಕರೆಗೆ ನೀರು ಸೇರಿಸಿ ಒಟ್ಟು ಒಂದು ಲೀಟರ್ ಮಾಡಿದರೆ ಸಾಂದ್ರತೆ 1.18 ಆಗುತ್ತದೆ. ಮೊದಲು ಬರೀ ನೀರಿನಲ್ಲಿ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರು ಚೆಲ್ಲಿ, ಆಮೇಲೆ ಪಾಕ ಹಾಕಿ ಕಲಕಿ ಒಂದು ನಿಮಿಷ ಮಾತ್ರ ತಿರುಗಿಸಿ, ತಕ್ಷಣ 500 ಮೆಶ್ ಮೇಲೆ ಸುರಿದು ತೊಳೆಯಿರಿ. ಪಾಕದಲ್ಲಿ ಬಿಟ್ಟಷ್ಟೂ ಹುಳುವಿನ ಮೈಯ ನೀರು ಹೊರಬಂದು ಅದು ಮುರುಟಿಕೊಳ್ಳುತ್ತದೆ.

ಎಣಿಕೆಯಲ್ಲಿ ಒಂದೇ ಎಚ್ಚರ: ಹುಳು ತಳಕ್ಕೆ ಕೂರುತ್ತದೆ. 100 ಮಿ.ಲೀ.ಗೆ ಹೊಂದಿಸಿದ ನೀರಿಗೆ ಪಿಪೆಟ್‌ನಿಂದ ಗಾಳಿ ಊದಿ, ಗುಳ್ಳೆ ಏಳುತ್ತಿರುವಾಗಲೇ 1 ಮಿ.ಲೀ. ಎತ್ತಬೇಕು. ಕಡಿಮೆ ಎಂದರೆ ಮೂರು ಸಲ ಎಣಿಸಿ ಸರಾಸರಿ ತೆಗೆಯಿರಿ. ಮೂರೂ ತೀರಾ ಬೇರೆ ಬೇರೆ ಬಂದರೆ ತಪ್ಪು ಕಲಕುವುದರಲ್ಲಿದೆ. ಗುರುತಿಸಲು ಇಟ್ಟುಕೊಳ್ಳುವ ಹುಳುವನ್ನು ತಣ್ಣನೆಯ ಫಾರ್ಮಲಿನ್‌ಗೆ ನೇರವಾಗಿ ಹಾಕಬೇಡಿ, ಸುರುಟಿ ರೂಪ ಕೆಡುತ್ತದೆ. 60ರಿಂದ 65 ಡಿಗ್ರಿ ಬಿಸಿನೀರಿನಲ್ಲಿ ಕೊಂದು, ಆಮೇಲೆ ಟಿಎಎಫ್ ದ್ರಾವಣಕ್ಕೆ: ಫಾರ್ಮಲಿನ್ 7, ಟ್ರೈಇಥನೋಲಮೈನ್ 2, ಬಟ್ಟಿ ಇಳಿಸಿದ ನೀರು 91 ಮಿ.ಲೀ. ಡಿಎನ್‌ಎ ತೆಗೆಯುವ ಯೋಚನೆ ಇದ್ದರೆ ಫಾರ್ಮಲಿನ್ ಹತ್ತಿರವೂ ತರಬಾರದು.

ಇಷ್ಟೆಲ್ಲ ಮಾಡಿಯೂ ಸೊನ್ನೆಯೇ ಬಂತೇ? ಆಗ ಬೇರನ್ನು ಕೇಳಿ. ಬೆಳೆ ಬಲಿತಿರುವಾಗ ಹುಳುವಿನ ಬಹುಪಾಲು ಬೇರಿನೊಳಗೇ ಇರುತ್ತದೆ, ಮಣ್ಣಿನಲ್ಲಿ ಉಳಿದದ್ದು ಮೊಟ್ಟೆಗಳಾಗಿರುತ್ತದೆ. ಎಳೆಬೇರನ್ನು 1.5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 4 ನಿಮಿಷ ಅದ್ದಿ, ತೊಳೆದು, ಕಾಲು ಗಂಟೆ ನೀರಿನಲ್ಲಿಟ್ಟು, ಆಸಿಡ್ ಫುಕ್ಸಿನ್‌ನಲ್ಲಿ ಅರ್ಧ ನಿಮಿಷ ಕುದಿಸಿ, ಗ್ಲಿಸರಿನ್‌ನಲ್ಲಿ ತಿಳಿಗೊಳಿಸಿದರೆ ಬೇರು ಬಿಳುಪಾಗಿ, ಹುಳು ಕೆಂಪಗೆ ಎದ್ದು ಕಾಣುತ್ತದೆ. ಕ್ಲೋರಿನ್ ಸರಿಯಾಗಿ ಹೋಗಿರದಿದ್ದರೆ ಬಣ್ಣ ಹಿಡಿಯುವುದಿಲ್ಲ. ಇನ್ನೊಂದು ದಾರಿ ಇನ್ನೂ ಸರಳ: ಅದೇ ಮಣ್ಣನ್ನು ಕುಂಡಕ್ಕೆ ತುಂಬಿ, ಬೇಗ ತುತ್ತಾಗುವ ಪೂಸಾ ರೂಬಿಯಂಥ ಟೊಮೆಟೊ ಸಸಿ ನೆಟ್ಟು, ತಿಂಗಳು ಬಿಟ್ಟು ಕಿತ್ತು ನೋಡಿ. ಗಂಟು ಬಂದಿದ್ದರೆ ನಿಮ್ಮ ಸೊನ್ನೆ ಸುಳ್ಳು.

ಇದೇ ಎಚ್ಚರ ಕುಂಡದ ಪ್ರಯೋಗಗಳಲ್ಲೂ ಬೇಕು. ಒಂದೇ ಮೊಟ್ಟೆಮುದ್ದೆಯಿಂದ ಬೆಳೆಸಿದ ಶುದ್ಧ ಕಲ್ಚರ್ ಇಲ್ಲದೆ ತಳಿ ಪರೀಕ್ಷೆ ಶುರುಮಾಡಬೇಡಿ. ಮೊಟ್ಟೆ ಬಿಡಿಸಲು 0.5 ಶೇಕಡಾ ಹೈಪೋಕ್ಲೋರೈಟ್‌ನಲ್ಲಿ ಬೇರು ಕುಲುಕುವುದು 4 ನಿಮಿಷ ದಾಟಿದರೆ ಮೊಟ್ಟೆಯೇ ಸಾಯುತ್ತದೆ. ಮರಿಗಳು ಹೊರಬಂದ ಎರಡು ಮೂರು ದಿನದೊಳಗೆ ಗಿಡಕ್ಕೆ ಹಾಕಿ. ಅವು ತಿನ್ನುವುದು ಬೇರು ಸೇರಿದ ಮೇಲೆಯೇ, ಅಲ್ಲಿಯವರೆಗೆ ಮೈಯ ಕೊಬ್ಬೇ ಆಧಾರ. ಅವತ್ತು ನೀರು ಹದವಾಗಿರಲಿ, ಕುಂಡದ ತೂತಿನಿಂದ ನೀರು ಸುರಿದರೆ ಮರಿಗಳೂ ಸುರಿಯುತ್ತವೆ.

ಟೊಮೆಟೊದಲ್ಲಿ ಬೇರುಗಂಟು ನಿರೋಧಕತೆ ಬರುವುದು ಎಂಐ ಎಂಬ ಜೀನ್‌ನಿಂದ. ಮಣ್ಣಿನ ಉಷ್ಣತೆ 28 ಡಿಗ್ರಿ ದಾಟಿದರೆ ಅದು ಕೈಕೊಡುತ್ತದೆ. ಏಪ್ರಿಲ್ ತಿಂಗಳಲ್ಲಿ, ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ, ಶೆಡ್ಡಿನೊಳಗೆ ನಿರೋಧಕ ತಳಿಯನ್ನು ಪರೀಕ್ಷಿಸಿ ಬೇರಿನ ತುಂಬ ಗಂಟು ಕಂಡರೆ ತಳಿಯನ್ನು ದೂರಬೇಡಿ. ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ಮಧ್ಯಾಹ್ನದ ಅಂಕಿ ಬರೆದಿಡಿ. ಉಷ್ಣತೆ ಸರಿಯಿದ್ದೂ ಗಂಟು ಬಂದರೆ ಮುಂದಿನ ಅನುಮಾನ ಹುಳುವಿನ ಮೇಲೆ. ಸೀಬೆಯಲ್ಲಿ ಹೆಸರು ಕೆಡಿಸಿಕೊಂಡಿರುವ ಮೆಲಾಯ್ಡೊಗೈನ್ ಎಂಟೆರೊಲೊಬಿಯೈ ಎಂಬ ಬೇರುಗಂಟು ಹುಳು ಈ ಜೀನನ್ನು ಲೆಕ್ಕಕ್ಕೇ ಇಡುವುದಿಲ್ಲ, ಹೆಣ್ಣಿನ ಹಿಂಭಾಗದ ಗೆರೆಗಳ ವಿನ್ಯಾಸದಲ್ಲಿ ಅದೇ ಕುಲದ ಇನ್ನೊಂದು ಪ್ರಭೇದ ಇನ್‌ಕಾಗ್ನಿಟಾದಂತೆಯೇ ಕಾಣುತ್ತದೆ. ಆ ವಿನ್ಯಾಸವನ್ನಷ್ಟೇ ನೋಡಿ ಪ್ರಭೇದದ ಹೆಸರು ಬರೆಯುವ ಕಾಲ ಮುಗಿದಿದೆ. ಎಸ್ಟೆರೇಸ್ ಐಸೊಜೈಮ್ (ಒಂದೇ ಕಿಣ್ವದ ಬೇರೆ ಬೇರೆ ರೂಪಗಳು) ಇಲ್ಲವೇ ಡಿಎನ್‌ಎ ಮಾರ್ಕರ್‌ನಿಂದ ಖಚಿತಪಡಿಸಿಕೊಂಡು, ಆಮೇಲೆ ಕಲ್ಚರ್ ಕುಂಡದ ಮೇಲೆ ಹೆಸರಿನ ಚೀಟಿ ಅಂಟಿಸಿ.