ನಗು ಬಂದ ಕಡೆಗೇ ಓಡುವ ಕತೆ

ಶನಿವಾರ, ಜೂನ್ 14, 2025

ಇವತ್ತು ಐದು ಜನರನ್ನು ಕೂರಿಸಿ, ಸಭಿಕರ ಎದುರಿಗೇ ಎಲ್ಲರಿಂದ ಸರದಿಯಂತೆ ಸುತ್ತಿಗೊಂದು ಕತೆ ಬರೆಸುವ ಎರಡು ಸುತ್ತು ನಡೆಸಿದೆ. ಕೂಗಿ ಕೂಗಿ ಗಂಟಲು ಕೂತಿದೆ. ಮರೆಯುವ ಮೊದಲು ಬರೆದಿಡುತ್ತೇನೆ.

ಮೊದಲನೇ ಸುತ್ತು ಮಡಚಿದ ಹಾಳೆಯ ಆಟ. 1925ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಸರ್ರಿಯಲಿಸ್ಟರು, ಅಂದರೆ ಕನಸಿನಂಥ ವಿಚಿತ್ರ ಜೋಡಣೆಗಳನ್ನು ಇಷ್ಟಪಡುತ್ತಿದ್ದ ಕವಿ-ಕಲಾವಿದರು, ಆಡುತ್ತಿದ್ದರಲ್ಲ, ಅದೇ. ಒಬ್ಬರು ಬರೆದು ಮಡಚಿ ಪಕ್ಕದವರಿಗೆ ಕೊಡುತ್ತಾರೆ, ಪಕ್ಕದವರಿಗೆ ಹಿಂದಿನದು ಕಾಣುವುದಿಲ್ಲ. ನಾನು ಸ್ವಲ್ಪ ಸಡಿಲ ಮಾಡಿ ಕೊನೆಯ ಒಂದು ವಾಕ್ಯ ತೋರಿಸಿದೆ. ಬರೆದದ್ದೆಲ್ಲ ಕಾಣುವ ಪರದೆ ಮಾತ್ರ ಬರೆಯುವವರ ಬೆನ್ನ ಹಿಂದೆ. ಅಂದರೆ ಪೂರ್ತಿ ಕತೆ ಗೊತ್ತಿರುವುದು ಸಭಿಕರಿಗೆ, ಬರೆಯುವವರಿಗಲ್ಲ. ಮೊದಲನೆಯವರು ಬೀಗ ಹಾಕಿದ ಮನೆಯೊಳಗೆ ಒಬ್ಬ ಮುದುಕಿಯನ್ನು ಇಟ್ಟರು. ಮೂರನೆಯವರಿಗೆ ಸಿಕ್ಕಿದ್ದು 'ಅವಳು ಕಿಟಕಿ ಮುಚ್ಚಿದಳು' ಅಷ್ಟೇ. ಅವರು ಅವಳನ್ನು ಶಾಲೆಯ ಬಸ್ಸಿನಲ್ಲಿ ಕೂರಿಸಿ ಹತ್ತು ವರ್ಷದ ಹುಡುಗಿ ಮಾಡಿಬಿಟ್ಟರು. ಜನ ಬಿದ್ದು ಬಿದ್ದು ನಕ್ಕರು.

ತೊಂದರೆ ಶುರುವಾಗಿದ್ದೂ ಅಲ್ಲೇ. ನಗು ಕೇಳಿದ ನಾಲ್ಕನೆಯವರು ಬೇಕಂತಲೇ ಜೋಕ್ ಬರೆದರು, ಐದನೆಯವರು ಇನ್ನೂ ದೊಡ್ಡ ಜೋಕ್. ಎರಡಕ್ಕೂ ಅರ್ಧ ನಗುವೂ ಬರಲಿಲ್ಲ. ಒಬ್ಬರೇ ಕೂತು ಬರೆಯುವಾಗ ಒಂದು ಸಪ್ಪೆ ವಾಕ್ಯ ಬರೆಯೋಕೆ ಯಾರೂ ಹೆದರುವುದಿಲ್ಲ. 'ಅವಳು ಎದ್ದು ದೀಪ ಹಾಕಿದಳು' ಅನ್ನುವುದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ, ಆದರೆ ಅದಿಲ್ಲದೆ ಕತೆ ಮುಂದೆ ಹೋಗಲ್ಲ, ಅಲ್ವಾ? ಜನರ ಎದುರು ಆ ವಾಕ್ಯ ಬರೆಯೋಕೆ ಧೈರ್ಯ ಬೇಕು.

ಅದಕ್ಕೇ ಎರಡನೇ ಸುತ್ತಿಗೆ ಜಪಾನಿನ ರೆಂಗಾದಿಂದ ಎರಡು ನಿಯಮ ತಂದೆ. ರೆಂಗಾದಲ್ಲಿ ಕವಿಗಳು ಸರದಿಯಂತೆ ಪದ್ಯ ಕಟ್ಟುತ್ತಾರೆ. 100 ಪದ್ಯದ್ದು ಹಳೆಯ ರೂಢಿ, 17ನೇ ಶತಮಾನದ ಕವಿ ಬಾಶೋ ಕಾಲಕ್ಕೆ 36ರದ್ದು ಜಾಸ್ತಿ ಬಳಕೆಗೆ ಬಂತು. ಪ್ರತಿ ಪದ್ಯವೂ ತನ್ನ ಹಿಂದಿನದಕ್ಕೆ ಕೂಡಬೇಕು, ಅದಕ್ಕೂ ಹಿಂದಿನದರಿಂದ ದೂರ ಸರಿಯಬೇಕು. ಒಮ್ಮೆ ನಗಿಸಿದ್ದನ್ನೇ ಮತ್ತೆ ಎಳೆದು ತರೋಕೆ ಇದು ಬಿಡುವುದಿಲ್ಲ. ಇನ್ನೊಂದು, ಅಲ್ಲಿ ಪದ್ಯವನ್ನು ಒಪ್ಪುವ ಅಥವಾ ವಾಪಸ್ ಕಳಿಸುವ ಒಬ್ಬ ಗುರು ಇರುತ್ತಾನೆ. ಆ ಕುರ್ಚಿಯಲ್ಲಿ ನಾನು ಕೂತೆ. ಒಂದು ಚಂದದ ಜೋಕನ್ನು ವಾಪಸ್ ಕಳಿಸಿದ್ದಕ್ಕೆ ಇಡೀ ಸಭೆ 'ಅಯ್ಯೋ' ಅಂದಿತು. ಅನ್ನಲಿ. ನಡೆಸುವವರು ಎಲ್ಲರಿಗೂ ಒಳ್ಳೆಯವರಾಗೋಕೆ ಹೋದರೆ ಕತೆ ಸತ್ತಂತೆ.

ಸಭಿಕರಿಗೂ ಕೆಲಸ ಬೇಕು. 'ಮುಂದೇನಾಗಲಿ?' ಅಂತ ಸುಮ್ನೆ ಕೇಳಿದರೆ ದನಿ ದೊಡ್ಡದಿರುವವರದ್ದೇ ಕತೆ. ಅದರಲ್ಲಿ ತಪ್ಪದೆ ದೆವ್ವ ಬರುತ್ತದೆ, ಇಲ್ಲವೇ ಯಾರಾದರೂ ಸಾಯುತ್ತಾರೆ. ಎರಡರಲ್ಲಿ ಒಂದು ಆರಿಸಿ ಅಂದರೆ ವಾಸಿ. ಬಾಗಿಲು ತೆಗೆಯಲೋ ಬೇಡವೋ, ಕೈ ಎತ್ತಿ. ತೆಗೆಯಲಿ ಅಂದವರೇ ಹೆಚ್ಚು.

ಈ ಸುತ್ತಿನಲ್ಲಿ ಟೈಪ್ ಮಾಡುವುದು ಅಕ್ಷರ ಅಕ್ಷರವಾಗಿ ಪರದೆಯ ಮೇಲೆ ಕಾಣುತ್ತಿತ್ತು. ಒಬ್ಬರು ಇದಕ್ಕೆ ಒಪ್ಪಲೇ ಇಲ್ಲ, ಹಾಳೆ ಪೆನ್ನು ತೆಗೆದುಕೊಂಡರು, ಅವರದ್ದನ್ನು ನಾನೇ ಓದಿದೆ. ಇನ್ನೊಬ್ಬರು 'ಅಪ್ಪ ಸತ್ತರು' ಅಂತ ಬರೆದು, ತಡೆದು, ಅಳಿಸಿ, 'ಅಪ್ಪ ಫೋನ್ ಎತ್ತಲಿಲ್ಲ' ಅಂತ ಮಾಡಿದರು. ಅಷ್ಟೂ ಹೊತ್ತು ಯಾರೂ ಕೆಮ್ಮಲಿಲ್ಲ. ಜನ ನೋಡೋಕೆ ಬರುವುದೇ ಈ ಅಳಿಸುವುದನ್ನು ಅಂತ ನನಗನ್ನಿಸುತ್ತದೆ. ಬರೆದು ಮುಗಿದದ್ದನ್ನು ಮನೆಯಲ್ಲೂ ಓದಬಹುದಲ್ಲ.

ಮುಗಿದ ಮೇಲೆ ಒಬ್ಬ ಸಭಿಕರು ಬಂದು, ಬಾಗಿಲು ತೆಗೆಸಿದ್ದು ನಾವು, ಕತೆಯ ಕೆಳಗೆ ನಮ್ಮ ಹೆಸರೂ ಹಾಕಿ ಅಂದರು. ಹಾಕೋಣ ಅಂದೆ. ಬರೆದ ಐವರಲ್ಲಿ ಇಬ್ಬರ ಮುಖ ಸಣ್ಣಗಾಯಿತು.