ಉತ್ತರದ ಕಿಟಕಿಯ ಬಿಸಿಲು ಕೊನೆಗೂ ನಿಂತಿತು

ಕಾರವಾರದ ಸ್ಟುಡಿಯೋ-ಮನೆಯ ಪಾಯ, ಚಿರೇಕಲ್ಲು (ಜಂಬಿಟ್ಟಿಗೆ) ಗೋಡೆ, ಹಂಚು ಹೊರುವ ಮರದ ಪಕಾಸು-ರೀಪು ಎಲ್ಲ ಮಾಮೂಲಿ. ತಲೆ ತಿಂದದ್ದು ಚಿತ್ರ ಬರೆಯುವ ಕೋಣೆಯ ಗೋಡೆಯ ಮೇಲ್ಭಾಗದ ಮೇಲ್ಗಿಟಕಿ: 12 ಅಡಿ ಉದ್ದ, 3 ಅಡಿ ಎತ್ತರ, ಉತ್ತರಕ್ಕೆ ಮುಖ.

ಉತ್ತರದಿಂದ ನೇರ ಬಿಸಿಲು ಬರುವುದಿಲ್ಲ ಎಂಬ ಪಾಠ ಯುರೋಪಿನದು. ನಾವಿರುವುದು 14.8 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ನೆತ್ತಿ ದಾಟಿದ ಸೂರ್ಯ ಆಗಸ್ಟ್ ಎರಡನೇ ವಾರದವರೆಗೂ ಮಧ್ಯಾಹ್ನ ಉತ್ತರದಲ್ಲೇ. ಜೂನಿನಲ್ಲಿ ಮೋಡ ಕಾಯುತ್ತದೆ; ಮೇ ತಿಂಗಳಿಗೆ ಯಾರೂ ದಿಕ್ಕಿಲ್ಲ, ಈಸೆಲ್ ಮೇಲೇ ಬಿಸಿಲ ಪಟ್ಟೆ.

ಮಾಡನ್ನೇ (ಚಾವಣಿಯನ್ನೇ) ಒಂದೂವರೆ ಅಡಿ ಮುಂದೆ ಚಾಚುವ ಉಪಾಯ ಇಲ್ಲಿ ಕೈಕೊಡುತ್ತದೆ. ದಕ್ಷಿಣಕ್ಕೆ ಇಳಿಯುವ 30 ಡಿಗ್ರಿ ಮಾಡು ಉತ್ತರಕ್ಕೆ 18 ಇಂಚು ಚಾಚುವಷ್ಟರಲ್ಲಿ 10 ಇಂಚು ಮೇಲೇರಿರುತ್ತದೆ. ಜೂನ್ 21ರ ಲೆಕ್ಕದಲ್ಲಿ ಬೆಳಿಗ್ಗೆ ಎಂಟೂವರೆಗೆ ಗಾಜಿನ ಕೆಳಗಿನ 10 ಇಂಚು ಬಿಸಿಲಿಗೆ ಬಯಲು. ಅದೇ 18 ಇಂಚಿನ ಸಜ್ಜಾ ಗಾಜಿನ ಮೇಲಂಚಿಗೆ ಮಟ್ಟಸವಾಗಿ ಕೂತರೆ ಎಂಟೂವರೆಯಿಂದ ಸಂಜೆ ನಾಲ್ಕೂವರೆತನಕ ಪೂರ್ತಿ ನೆರಳು.

ಅದಕ್ಕೂ ಮೊದಲಿನ, ನಂತರದ ಓರೆ ಬಿಸಿಲು ಸಜ್ಜಾದ ಅಡಿಯಿಂದ ನುಸುಳುತ್ತದೆ. ಆಗ ಸೂರ್ಯ ಹುಟ್ಟುವುದೇ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ. ಅದಕ್ಕೆ ಲಂಬ ಪಟ್ಟಿಗಳು: 9 ಇಂಚು ಅಗಲ, 18 ಇಂಚಿಗೊಂದು, ಒಟ್ಟು 9. ಸಿಮೆಂಟ್ ಫೈಬರ್ ಬೋರ್ಡಿನ 8×4 ಅಡಿ ಹಾಳೆಯೊಂದರಲ್ಲಿ 10 ಬರುತ್ತವೆ. ಹತ್ತನೆಯದು, ಒಂದು ಒಡೆದರೆ ಇರಲಿ ಎಂದು. ಕೊಯ್ದ ಅಂಚಿಗೆ ಪ್ರೈಮರ್ ಬಿಟ್ಟರೆ ನೀರು ಕುಡಿದು ಪದರ ಬಿಚ್ಚುತ್ತದೆ. ಸ್ಕ್ರೂ ಸ್ಟೇನ್‌ಲೆಸ್ಸೇ ಇರಲಿ, ಉಪ್ಪುಗಾಳಿ ಸಾದಾ ಸ್ಕ್ರೂ ತಿಂದುಹಾಕುತ್ತದೆ.

ಇನ್ನು ಹಂಚಿನ ಗೋಳು. ಹಳೆ ಮನೆ ಕೆಡವಿದ ಹಂಚು ಅಗ್ಗವೇನೋ ಹೌದು. "ಎಲ್ಲ ಒಂದೇ ಕಂಪನಿದು ಸಾರ್" ಎಂದು ವ್ಯಾಪಾರಿ ಕಳಿಸಿದ ಲೋಡಿನಲ್ಲಿ ಮೂರು ಕಾರ್ಖಾನೆಗಳ ಮುದ್ರೆ! ಒಂದರ ಕಚ್ಚು (ಒಂದಕ್ಕೊಂದು ಸಿಕ್ಕಿಕೊಳ್ಳುವ ಅಂಚು) ಇನ್ನೊಂದಕ್ಕೆ ಕೂರುವುದಿಲ್ಲ, ಸಂದಿಯಲ್ಲಿ ಸೋರುತ್ತದೆ. ಮುದ್ರೆ ನೋಡಿ ವಿಂಗಡಿಸಿ, ಒಂದು ಇಳಿಜಾರಿಗೆ ಒಂದೇ ಜಾತಿ. ಉಳಿದದ್ದು ಸೌದೆಮನೆಗೆ.

ಕಿಟಕಿ ಕೆಳಗಿನ ಮಾಡಿನ ಕೆಂಪು ಒಳಗೆ ಹೊಡೆದು ಬಿಳಿ ಕ್ಯಾನ್ವಾಸಿಗೆ ನಸುಗೆಂಪು ಬರುತ್ತದೆ. ಮೇಲಿನ ಎರಡು ಸಾಲು ಹಂಚಿಗೆ ಸುಣ್ಣ ಬಳಿದರೆ ಆಯಿತು. ಮಳೆಗೆ ತೊಳೆದುಹೋಗುತ್ತದೆ, ಹೋಗಲಿ. ಆಗ ಬಿಸಿಲೂ ಇರುವುದಿಲ್ಲ.

ಮುಂದಿನದು ಮಳೆಗಾಲದಲ್ಲಿ ಕ್ಯಾನ್ವಾಸ್ ಇಡುವ ಗೂಡು. ಶಿರಸಿ ಕಡೆಯ ಹಾಗೆ ಒಲೆಯ ಮೇಲೆ ಅಟ್ಟ ಮಾಡಿದರೆ ಬೂಸಲು ತಪ್ಪೀತು, ಆದರೆ ಚಿತ್ರಗಳೆಲ್ಲ ಮಸಿ. ಪಶ್ಚಿಮದ ಗೋಡೆಯಂತೂ ಬೇಡವೇ ಬೇಡ, ಚಿರೇಕಲ್ಲು ಮಳೆ ಕುಡಿಯುತ್ತದೆ. ಒಳಗೋಡೆಯಿಂದ 3 ಇಂಚು, ನೆಲದಿಂದ ಒಂದಡಿ ಬಿಟ್ಟು ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಚೌಕಟ್ಟು ಎಂಬ ಯೋಚನೆ ನಡೆದಿದೆ. ದಬ್ಬೆಗೆ ಹುಳ ಬೀಳದಂತೆ ಏನು ಮಾಡುವುದೆಂದು ಮೊದಲು ನೋಡಬೇಕು.